ಅಪ್ಪನ ವಾರ್ಡಿನ ಕಿಟಕಿ

ಸುಲ್ತಾನ್‌ಪೇಟೆಯ ನಮ್ಮ ಬೀದಿಯಲ್ಲಿ ಯಾವುದಾದರೂ ಒಂದು ಹಳೇ ಕಟ್ಟಡ ಒಡೀತಾನೇ ಇರ್ತಾರೆ. ಧೂಳು ನಮಗೆ ಹೊಸದಲ್ಲ. ಹಾಗಾಗಿ, ರಕ್ತದ ಕ್ಯಾನ್ಸರ್‌ಗೆ ಕೀಮೋ ತಗೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ಅಪ್ಪ "ಸೆಕೆ ಕಣೋ, ಕಿಟಕಿ ತೆಗಿ" ಅಂದಾಗ ಯೋಚಿಸದೆ ತೆಗೆದೆ. ಪಕ್ಕದ ಬ್ಲಾಕಿನಲ್ಲಿ ಗೋಡೆ ಒಡೆಯುತ್ತಿದ್ದರು. ಓಡಿಬಂದ ಸಿಸ್ಟರ್ ಕಿಟಕಿ ಮುಚ್ಚಿ, "ಬರೀ ಧೂಳಲ್ಲ ಸರ್, ಅದರಲ್ಲಿ ಫಂಗಸ್ ಇರುತ್ತೆ" ಅಂದರು.

ಅದರ ಹೆಸರು ಆಸ್ಪರ್ಜಿಲಸ್. ಹಳೇ ಗೋಡೆ, ಫಾಲ್ಸ್ ಸೀಲಿಂಗ್, ಮಣ್ಣು ಎಲ್ಲ ಕಡೆ ಇರೋ ಬೂಷ್ಟು. ಒಡೆದಾಗ, ಅಗೆದಾಗ ಅದರ ಬೀಜಾಣುಗಳು ಗಾಳಿಗೆ ಸೇರುತ್ತವೆ. ಒಂದೊಂದೂ 2-3 ಮೈಕ್ರಾನ್ ಅಷ್ಟೇ. ಶ್ವಾಸಕೋಶದ ಆಳಕ್ಕೆ ಸಲೀಸಾಗಿ ಇಳಿಯುತ್ತವೆ. ನಾವೂ ದಿನಾ ಉಸಿರಾಡ್ತೀವಿ, ನಮ್ಮ ಬಿಳಿ ರಕ್ತಕಣಗಳು ಕೊಂದುಹಾಕುತ್ತವೆ. ಕೀಮೋ ಆದವರಲ್ಲಿ, ಅಂಗಾಂಗ ಕಸಿ ಮಾಡಿಸಿಕೊಂಡವರಲ್ಲಿ ಆ ಕಾವಲೇ ಇರೋದಿಲ್ಲ. ಸೋಂಕು ಬೇರೂರಿದರೆ ಔಷಧಿ ಕೊಟ್ಟರೂ ಜೀವ ಉಳಿಸೋದು ಕಷ್ಟ.

2021ರ ಬ್ಲ್ಯಾಕ್ ಫಂಗಸ್ ನೆನಪಿದೆಯಲ್ಲ? ಆ ಫಂಗಸ್ ಬೇರೆ, ಆದರೆ ಪಾಠ ಒಂದೇ. ಸಕ್ಕರೆ ಕಾಯಿಲೆ, ಸ್ಟಿರಾಯ್ಡ್‌ಗಳಿಂದ ದೇಹ ಸೋತಾಗ ಗಾಳಿಯಲ್ಲಿ ಸದಾ ಇರೋ ಬೂಷ್ಟೇ ಶತ್ರುವಾಯಿತು.

ಹಾಗಂತ ಆಸ್ಪತ್ರೆಗಳು ಕಟ್ಟೋದನ್ನು ನಿಲ್ಲಿಸೋಕಾಗಲ್ಲ. ನಮ್ಮ ಪಕ್ಕದ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಶುರುವಾದದ್ದು. ಅಂಥ ಹಳೇ ಆವರಣಗಳಲ್ಲಿ ರಿಪೇರಿ, ಹೊಸ ಬ್ಲಾಕು ಇದ್ದದ್ದೇ. ಲೈವ್ ಸರ್ವರ್ ಮುಟ್ಟೋ ಮುಂಚೆ ನಮ್ಮ ಆಫೀಸಿನಲ್ಲಿ ಅನುಮತಿ ತಗೋತೀವಿ, ಇಲ್ಲೂ ಹಾಗೇ. ಸುತ್ತಿಗೆ ಎತ್ತುವ ಮುಂಚೆ ಸೋಂಕು ನಿಯಂತ್ರಣ ತಂಡ, ಎಂಜಿನಿಯರು ಕೂತು ಅಪಾಯ ಅಳೆಯಬೇಕು. ನೆಲದಿಂದ ಸೂರಿನವರೆಗೆ ಸಂದಿಯಿಲ್ಲದ ತಡೆಗೋಡೆ ಬೇಕು. ಕೆಲಸದ ಜಾಗದ ಗಾಳಿಯನ್ನು ಹೊರಕ್ಕೆ ಎಳೆಯಬೇಕು, ವಾರ್ಡಿಗೆ ನುಗ್ಗಬಾರದು. ಡೆಬ್ರಿಸ್ ಮುಚ್ಚಿದ ಗಾಡಿಯಲ್ಲಿ, ರೋಗಿಗಳು ಓಡಾಡದ ದಾರಿಯಲ್ಲಿ ಹೋಗಬೇಕು. ಒಣ ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಅಸ್ಥಿಮಜ್ಜೆ ಕಸಿ ವಾರ್ಡಿಗಂತೂ 0.3 ಮೈಕ್ರಾನ್ ಕಣಗಳಲ್ಲಿ 99.97% ತಡೆಯೋ ಹೆಪಾ ಫಿಲ್ಟರ್ ಬೇಕು.

ಜೊತೆಗಿರೋ ನಾವೇನು ಮಾಡಬಹುದು? ಅಡ್ಮಿಟ್ ಆಗೋವಾಗಲೇ "ಹತ್ತಿರ ಕಟ್ಟಡ ಕೆಲಸ ನಡೀತಿದೆಯಾ?" ಅಂತ ಕೇಳಿ. ಕಿಟಕಿ, ಬಾಗಿಲು ಮುಚ್ಚಿಡಿ. ಸ್ಕ್ಯಾನ್‌ಗೆ ಹೊರಗೆ ಕರೆದೊಯ್ಯುವಾಗ ಎನ್95 ಹಾಕಬೇಕಾ ಅಂತ ವೈದ್ಯರನ್ನು ಕೇಳಿ. ಸಾದಾ ಮಾಸ್ಕ್ ಸಾಲದು. ಸೀಲಿಂಗ್ ಸೋರಿದರೆ ತಕ್ಷಣ ಹೇಳಿ. ಆ್ಯಂಟಿಬಯಾಟಿಕ್‌ಗೂ ಇಳಿಯದ ಜ್ವರ, ಎದೆನೋವು, ಕಫದಲ್ಲಿ ರಕ್ತ ಕಂಡರೆ ಒಂದು ಗಂಟೆಯೂ ಕಾಯಬೇಡಿ.

ಅಪ್ಪನಿಗೆ ಏನೂ ಆಗಲಿಲ್ಲ. ಆದರೆ ಆಮೇಲೆ ಎಷ್ಟೋ ದಿನ ಅವರು ಒಂದು ಸಲ ಕೆಮ್ಮಿದರೂ ನನ್ನ ಎದೆ ಧಸಕ್ ಅನ್ನುತ್ತಿತ್ತು. ಈಗ ಬೀದಿಯಲ್ಲಿ ಡ್ರಿಲ್ ಸದ್ದು ಕೇಳಿದರೆ ಸಾಕು, ಅವರೇ ಕೂಗ್ತಾರೆ: "ಲೋ, ಕಿಟಕಿ ಹಾಕೋ!"