ತಂದೆಯ ಉದ್ಯೋಗ: ಗೊತ್ತಿಲ್ಲ

ಕಳೆದ ತಿಂಗಳು ಇಂಟರ್ನ್‌ಶಿಪ್‌ಗೆ ಆನ್‌ಲೈನ್ ಅರ್ಜಿ ತುಂಬುತ್ತಿದ್ದೆ. ಹೆಸರು, ಯುಎಸ್‌ಎನ್, ಸಿಜಿಪಿಎ ಎಲ್ಲ ಸರಾಗವಾಗಿ ಮುಗಿಯಿತು. ಆಮೇಲೆ ಬಂತು ಕೆಂಪು ನಕ್ಷತ್ರದ ಸಾಲು: ತಂದೆಯ ಉದ್ಯೋಗ. ನನಗೆ ನಾಲ್ಕು ವರ್ಷವಿದ್ದಾಗ ಮನೆ ಬಿಟ್ಟು ಹೋದವರು ಈಗ ಏನು ಮಾಡುತ್ತಿದ್ದಾರೋ ಅಮ್ಮನಿಗೂ ಗೊತ್ತಿಲ್ಲ. ಖಾಲಿ ಬಿಟ್ಟರೆ ಪುಟ ಮುಂದೆ ಹೋಗದು. ‘ಕೃಷಿ’ ಎಂದು ಟೈಪ್ ಮಾಡಿದೆ. ಹೈಸ್ಕೂಲಿನಲ್ಲಿ ‘ಚಾಲಕ’, ಪಿಯುಸಿಯಲ್ಲಿ ‘ವ್ಯಾಪಾರ’ ಎಂದು ಬರೆದಿದ್ದೆ. ಅರ್ಜಿಗಳಲ್ಲಿ ನನ್ನ ಅಪ್ಪ ಇದುವರೆಗೆ ಮೂರು ಕೆಲಸ ಬದಲಿಸಿದ್ದಾರೆ!

ಕಾರ್ಕಳದ ಹತ್ತಿರ ನಮ್ಮ ಮನೆ. ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ. ಅಜ್ಜಿ ಬೀಡಿ ಕಟ್ಟುತ್ತಾಳೆ. ಮದುವೆಯಾಗದ ಚಿಕ್ಕಮ್ಮ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆ. ನನ್ನ ಫೀಸ್ ಕಟ್ಟುವುದು, ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಹೆಂಚು ಸರಿಪಡಿಸುವುದು ಎರಡೂ ಅವಳದೇ ಜವಾಬ್ದಾರಿ.

ನಮ್ಮಂಥ ಮನೆಯನ್ನು ‘ಆಧುನಿಕ ಕುಟುಂಬ’ ಎಂದು ಯಾರೋ ಕರೆದದ್ದನ್ನು ಅಜ್ಜಿಗೆ ಹೇಳಿದರೆ ನಕ್ಕುಬಿಟ್ಟಳು. ತುಳುನಾಡಿನ ಅಳಿಯಸಂತಾನದಲ್ಲಿ ಕುಟುಂಬವೆಂದರೆ ಅಮ್ಮನ ಕಡೆಯದ್ದೇ. ಬಳಿ ಬರುವುದು ತಾಯಿಯಿಂದ, ಆಸ್ತಿ ಇಳಿಯುತ್ತಿದ್ದುದೂ ತಾಯಿಯ ಸಾಲಿನಲ್ಲಿ. ಹಾಗೆಂದು ಅದು ಹೆಂಗಸರ ರಾಜ್ಯವೇನಲ್ಲ. ಸಾಮಾನ್ಯವಾಗಿ ಸೋದರಮಾವನೇ ಯಜಮಾನ. ಅವನು ಅಳೆದುಕೊಟ್ಟಷ್ಟೇ ಅಕ್ಕಿ ಎಂದು ಅಜ್ಜಿಗೆ ಇವತ್ತಿಗೂ ಸಿಟ್ಟಿದೆ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಪಾಲಿಗೆ ದಾರಿ ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಉಳಿದದ್ದನ್ನೂ ಬದಲಿಸಿತು. ಆದರೂ ನಮ್ಮಲ್ಲಿ ಸಂಬಂಧ ಕೇಳುವವರು ಮೊದಲು ಕೇಳುವುದು ಬಳಿಯನ್ನೇ. ಅಲ್ಲಿ ನನ್ನ ಉತ್ತರ ತಡವರಿಸುವುದಿಲ್ಲ.

ಹಾಸ್ಟೆಲಿನ ನಮ್ಮ ರೂಮನ್ನೇ ನೋಡಿ. ಬಾಗಲಕೋಟೆಯವಳ ಮನೆಯಲ್ಲಿ ಹತ್ತೊಂಬತ್ತು ಜನ. ಎಷ್ಟು ಗಲಾಟೆಯಿದ್ದರೂ ಅವಳಿಗೆ ನಿದ್ದೆ ಬರುತ್ತದೆ. ಇನ್ನೊಬ್ಬಳ ಅಪ್ಪ ಮಸ್ಕತ್‌ನಲ್ಲಿದ್ದಾರೆ, ಎರಡು ವರ್ಷಕ್ಕೊಮ್ಮೆ ಬರುತ್ತಾರೆ. ಮೂರನೆಯವಳಿಗೆ ಅಮ್ಮ ಇಲ್ಲ. ಅವಳಪ್ಪ ಕಳಿಸುವ ಚಟ್ನಿಪುಡಿ ಎರಡೇ ದಿನಕ್ಕೆ ಖಾಲಿ.

ಕಾನೂನು ನಮ್ಮ ಅರ್ಜಿಗಳಿಗಿಂತ ಮುಂದಿದೆ. ಪಾಸ್‌ಪೋರ್ಟ್‌ಗೆ ಪೋಷಕರಲ್ಲಿ ಒಬ್ಬರ ಹೆಸರು ಸಾಕೆಂದು 2016ರಲ್ಲೇ ಆಯಿತು. ಒಂಟಿ ತಾಯಿಯ ಮಕ್ಕಳು ಪ್ಯಾನ್ ಅರ್ಜಿಯಲ್ಲಿ ತಂದೆಯ ಹೆಸರು ಕೊಡಲೇಬೇಕಿಲ್ಲವೆಂದು 2018ರಲ್ಲಿ ನಿಯಮ ಬದಲಾಯಿತು. ನನ್ನ ಪ್ಯಾನ್ ಕಾರ್ಡಿನಲ್ಲಿರುವುದು ಅಮ್ಮನ ಹೆಸರೇ. 2022ರಲ್ಲಿ ಚಂಡೀಗಢದ ನರ್ಸ್ ಒಬ್ಬರ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಗಂಡನ ಮೊದಲ ಮದುವೆಯ ಇಬ್ಬರು ಮಕ್ಕಳಿದ್ದಾರೆ, ಆದ್ದರಿಂದ ಇದು ಮೂರನೇ ಮಗು ಎಂದು ಅವರು ಹೆತ್ತ ಮೊದಲ ಮಗುವಿಗೆ ಹೆರಿಗೆ ರಜೆ ನಿರಾಕರಿಸಲಾಗಿತ್ತು. ಕೋರ್ಟ್ ಅವರ ಪರ ನಿಂತಿತು. ಸಾವು, ವಿಚ್ಛೇದನದಿಂದ ಮನೆ ಒಂಟಿ ಪೋಷಕರದ್ದಾಗಬಹುದು. ಮದುವೆಯಾಗದೆ ಜೊತೆಗಿರುವವರು, ಸಲಿಂಗಿ ಸಂಗಾತಿಗಳು ಕೂಡ ಕುಟುಂಬವೇ. ಅವರಿಗೂ ಕಾನೂನಿನ ರಕ್ಷಣೆ ಸಿಗಬೇಕು ಎಂದಿತು. ಆದರೆ ಅರ್ಜಿಯ ಫಾರ್ಮ್ಯಾಟ್ ಮಾಡುವವರು ತೀರ್ಪು ಓದುವುದಿಲ್ಲ, ಹಳೆಯದನ್ನೇ ಕಾಪಿ-ಪೇಸ್ಟ್ ಮಾಡುತ್ತಾರೆ. ನಾನೂ ಕೋಡ್ ಬರೆಯುವವಳು, ಆ ಕೆಂಪು ನಕ್ಷತ್ರ ತೆಗೆಯಲು ಎಷ್ಟು ಹೊತ್ತು ಬೇಕೆಂದು ಗೊತ್ತು.

ಅರ್ಜಿಯ ಕೊನೆಗೆ ತುರ್ತು ಸಂಪರ್ಕದ ಸಾಲಿತ್ತು. ಕಾರ್ಖಾನೆಯೊಳಗೆ ಅಮ್ಮನಿಗೆ ಫೋನ್ ಕೇಳಿಸುವುದಿಲ್ಲ. ಚಿಕ್ಕಮ್ಮನ ನಂಬರ್ ಹಾಕಿದೆ. ಸಂಬಂಧ ಆರಿಸಲು ತಂದೆ, ತಾಯಿ, ಪತಿ, ಇತರೆ ಎಂದಷ್ಟೇ ಇತ್ತು. ‘ಇತರೆ’ ಒತ್ತಿದೆ. ರಾತ್ರಿ ಫೋನ್ ಮಾಡಿ ಹೇಳಿದಾಗ ಚಿಕ್ಕಮ್ಮ, ‘ಹದಿನಾರು ವರ್ಷ ಸಾಕಿದವಳು ಇತರೆಯಾ ಮಾರಾಯ್ತಿ?’ ಎಂದು ಜೋರಾಗಿ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಸ್ಟೈಪೆಂಡ್ ಎಷ್ಟು ಕೊಡುತ್ತಾರೆ ಎಂದು ಕೇಳಿದಳು.