ಬೀಳುಬಿಟ್ಟ ಹೊಲ ಯಾರದ್ದು?

ಮಾಯಾ ಜನ ಅಂದ ಕೂಡಲೇ ನಿಮಗೆ ನೆನಪಾಗೋದು 2012, ಅಲ್ವಾ? ಡಿಸೆಂಬರ್ 21ಕ್ಕೆ ಪ್ರಪಂಚ ಮುಳುಗುತ್ತೆ ಅಂತ ಟಿವಿಗಳು ಬಡಿದುಕೊಂಡ ವರ್ಷ. ನಾನಾಗ ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸ್ಟೆಲ್ ಟಿವಿ ಮುಂದೆ ಕೂತು ನಕ್ಕವನು. ಈಗ ಅದೇ ಟಿವಿಯೊಳಗೆ ಕೂತಿದ್ದೇನೆ. ಹಾಗಾಗಿ ಇದು ಹಳೇ ಬಾಕಿ ಅಂದ್ಕೊಳ್ಳಿ.

ಆ ಕ್ಯಾಲೆಂಡರ್ ಮಾಡಿದವರ ವಂಶ ಎಲ್ಲೂ ಮಾಯವಾಗಿಲ್ಲ. ಮೆಕ್ಸಿಕೊದ ಯುಕಟಾನ್ ಪ್ರದೇಶದಲ್ಲಿ ಅವರು ಇವತ್ತಿಗೂ ಮೆಕ್ಕೆಜೋಳ ಬಿತ್ತುತ್ತಾರೆ. ಅವರ ಬೇಸಾಯದ ಹೆಸರು ಮಿಲ್ಪಾ. ಕಾಡಿನ ಒಂದು ತುಂಡು ಕಡಿದು, ಸುಟ್ಟು, ಬೂದಿಯಲ್ಲಿ ಜೋಳ, ಹುರುಳಿಕಾಯಿ, ಕುಂಬಳ ಒಟ್ಟಿಗೆ ಹಾಕೋದು. ಎರಡು ಮೂರು ವರ್ಷ ಬೆಳೆ ತೆಗೆದು, ಆಮೇಲೆ ವರ್ಷಗಟ್ಟಲೆ ಬೀಳುಬಿಡೋದು. ನಮ್ಮ ಮಲೆನಾಡಿನ ಕುಮರಿ ಬೇಸಾಯ ಗೊತ್ತಿದ್ದವರಿಗೆ ಇದು ಹೊಸದಲ್ಲ. ಸುಣ್ಣಕಲ್ಲಿನ ಮೇಲಿನ ತೆಳು ಮಣ್ಣು ಅದು. ಸುಮ್ಮನೆ ಬಿಟ್ಟರೇ ಮತ್ತೆ ಕಸುವು ಬರೋದು. ಅಂದ್ರೆ ಬೀಳುಬಿಟ್ಟ ಹೊಲವೂ ಹೊಲವೇ.

1821ರಲ್ಲಿ ಸ್ಪೇನ್ ಆಳ್ವಿಕೆ ಮುಗೀತು. ರಾಜ ಹೋದ, ಆದರೆ ಕುರ್ಚಿಯಲ್ಲಿ ಕೂತವರು ಸ್ಪ್ಯಾನಿಷ್ ಮೂಲದ ಜಮೀನ್ದಾರರೇ. ಹಳೇ ಆಡಳಿತದಲ್ಲಿ ಊರೊಟ್ಟಿನ ಜಮೀನಿಗೆ ಅಷ್ಟಿಷ್ಟಾದರೂ ರಕ್ಷಣೆ ಇತ್ತು. ಹೊಸ ಸರ್ಕಾರದ ಕಣ್ಣಿಗೆ ಬೀಳುಬಿಟ್ಟ ನೆಲ 'ಖಾಲಿ ಜಮೀನು' ಅನ್ನಿಸಿತು. ಅದನ್ನು ಕಬ್ಬು ಬೆಳೆಯೋರಿಗೆ ಮಾರಿದರು, ಸರ್ಕಾರಕ್ಕೆ ಸಾಲ ಕೊಟ್ಟವರಿಗೂ ಸೈನಿಕರಿಗೂ ಹಂಚಿದರು. ತನ್ನದೇ ಹಳೇ ಹೊಲದಲ್ಲಿ ಮಾಯಾ ರೈತ ಅತಿಕ್ರಮಣಕಾರನಾದ. ಇದರ ಮೇಲೆ ತಲೆಗಂದಾಯ, ಚರ್ಚಿಗೆ ಶುಲ್ಕ.

ತಮಾಷೆ ಏನು ಗೊತ್ತಾ? ಅವರ ಕೈಗೆ ಬಂದೂಕು ಕೊಟ್ಟವರೂ ಇದೇ ರಾಜಕಾರಣಿಗಳು. ತಮ್ಮ ಜಗಳಗಳಿಗೆ ಮಾಯಾ ಯುವಕರನ್ನು ಸೇರಿಸಿಕೊಳ್ಳುವಾಗ 'ತೆರಿಗೆ ಇಳಿಸ್ತೀವಿ' ಅಂದಿದ್ದರು. ಇಳಿಸಲಿಲ್ಲ. ಬಂದೂಕು ಮಾತ್ರ ಉಳೀತು.

1847ರ ಜುಲೈನಲ್ಲಿ ಮ್ಯಾನುಯೆಲ್ ಆಂಟೋನಿಯೊ ಆಯ್ ಎಂಬ ಮಾಯಾ ಮುಖಂಡನನ್ನು ಸಂಚಿನ ಆರೋಪದ ಮೇಲೆ ಕೊಂದರು. ನಾಲ್ಕೇ ದಿನದಲ್ಲಿ ಸೆಸಿಲಿಯೊ ಚಿ ಟೆಪಿಚ್ ಊರಿನ ಮೇಲೆ ಬಿದ್ದ. ಎರಡೂ ಕಡೆ ಘೋರ ಕೊಲೆಗಳಾದವು, ಅದನ್ನು ಮುಚ್ಚಿಡಬೇಕಿಲ್ಲ. ಚರಿತ್ರೆ ಇದನ್ನು 'ಜಾತಿ ಯುದ್ಧ' ಅನ್ನುತ್ತೆ. ಆ ಹೆಸರಿಟ್ಟವರು ಮಾಯಾ ಜನ ಅಲ್ಲ. ಬಿಳಿಯರನ್ನು ಮುಗಿಸೋಕೆ ಹೊರಟವರು ಅಂತ ತೋರಿಸೋದು ಎದುರಾಳಿಗಳಿಗೆ ಬೇಕಿತ್ತು.

ಅವರಿಗೆ ನಿಜಕ್ಕೂ ಬೇಕಿದ್ದದ್ದೇನು? 1848ರ ಏಪ್ರಿಲ್‌ನಲ್ಲಿ ಇನ್ನೊಬ್ಬ ನಾಯಕ ಹಸಿಂತೊ ಪಾತ್ ಮಾಡಿಕೊಂಡ ಒಪ್ಪಂದ ನೋಡಿ: ತಲೆಗಂದಾಯ ರದ್ದು, ಮದುವೆ ಮತ್ತು ದೀಕ್ಷಾಸ್ನಾನದ ಶುಲ್ಕ ಇಳಿಕೆ, ಊರೊಟ್ಟಿನ ನೆಲ ಮತ್ತು 'ಖಾಲಿ' ನೆಲದಲ್ಲಿ ಗೇಣಿಯಿಲ್ಲದೆ ಬೇಸಾಯ, ಜೀತದಾಳುಗಳ ಸಾಲ ಮನ್ನಾ. ನಮ್ಮ ಯಾವುದೋ ರೈತಸಂಘದ ಮನವಿಪತ್ರ ಓದಿದ ಹಾಗಿದೆ. ಚಿ ಆ ಒಪ್ಪಂದ ಒಪ್ಪಲಿಲ್ಲ, ಅದು ಮುರಿದುಬಿತ್ತು.

ಅಷ್ಟೊತ್ತಿಗೆ ಮೆರಿಡಾ, ಕಾಂಪೆಚೆ ನಗರಗಳು ಬಿಟ್ಟರೆ ಹೆಚ್ಚುಕಮ್ಮಿ ಇಡೀ ಸೀಮೆ ಅವರ ಕೈಲಿತ್ತು. ಆಮೇಲೆ ಹಿಂದೆ ಸರಿದರು. ಯಾಕೆ? ಒಬ್ಬ ಮಾಯಾ ನಾಯಕನ ಮಗ ಹೇಳಿದ ಕಥೆ ಹೀಗಿದೆ: ರೆಕ್ಕೆ ಇರುವೆಗಳು ಎದ್ದವು, ಮಳೆ ಬಂತು ಅಂತ ಅರ್ಥ, ಬಿತ್ತನೆಗೆ ಎಲ್ಲರೂ ಊರಿಗೆ ಹೊರಟರು. ಇತಿಹಾಸಕಾರರಲ್ಲಿ ಹಲವರು ಇದನ್ನು ಅಷ್ಟು ಸುಲಭವಾಗಿ ಒಪ್ಪೋದಿಲ್ಲ. ನಾಯಕರ ಒಡಕು, ಮದ್ದುಗುಂಡಿನ ಕೊರತೆಯ ಕಡೆ ಬೆರಳು ತೋರಿಸುತ್ತಾರೆ. ನನಗೂ ಇರುವೆ ಒಂದೇ ಕಾರಣ ಅನ್ನಿಸೋದಿಲ್ಲ. ಆದರೆ ಮುಂಗಾರಿಗೆ ಬಿತ್ತದಿದ್ದರೆ ವರ್ಷವಿಡೀ ಉಪವಾಸ ಅನ್ನೋದಂತೂ ಸತ್ಯ.

ಸೆರೆಸಿಕ್ಕ ಮಾಯಾ ಜನರನ್ನು ಕ್ಯೂಬಾಗೆ ಮಾರಿದರು. ಉಳಿದವರು ಪೂರ್ವದ ಕಾಡು ಸೇರಿ, 1850ರಲ್ಲಿ 'ಮಾತಾಡುವ ಶಿಲುಬೆ'ಯ ಸುತ್ತ ಚಾನ್ ಸಾಂತಾ ಕ್ರೂಸ್ ಎಂಬ ಊರು ಕಟ್ಟಿದರು. 1901ರಲ್ಲಿ ಮೆಕ್ಸಿಕೊ ಸೇನೆ ಬಂದು ಹಿಡಿಯುವವರೆಗೆ ಆ ಕಾಡು ಬಹುಮಟ್ಟಿಗೆ ಅವರದೇ ಆಗಿತ್ತು.

ಈಗ ಆ ಊರಿನ ಹೆಸರು ಫೆಲಿಪೆ ಕರಿಯೊ ಪುಯೆರ್ತೊ. 2021ರ ಮೇ ತಿಂಗಳಲ್ಲಿ ಆಗಿನ ಮೆಕ್ಸಿಕೊ ಅಧ್ಯಕ್ಷ ಲೋಪೆಸ್ ಒಬ್ರಡೋರ್ ಆ ಸೀಮೆಗೇ ಹೋಗಿ ಮಾಯಾ ಜನರ ಕ್ಷಮೆ ಕೇಳಿದರು. ಅದೇ ಹೊತ್ತಿಗೆ ಅವರ ಸರ್ಕಾರ ಆ ಸೀಮೆಯಲ್ಲಿ 'ಮಾಯಾ ರೈಲು' ಹಳಿ ಹಾಕಿಸುತ್ತಿತ್ತು, ನಮ್ಮ ನೆಲ ಕಾಡು ಹೋಗುತ್ತೆ ಅಂತ ಮಾಯಾ ಸಮುದಾಯದ ಕೆಲವರು ಕೋರ್ಟ್ ಮೆಟ್ಟಿಲು ಹತ್ತಿದ್ದರು.