ಗೋಲ್‌ಕೀಪರ್, ಕೋಚ್ ಮತ್ತು ಅಸಹಾಯಕ ಅಭಿಮಾನಿ

ಮಂಜುಗಡ್ಡೆಯ ಮೇಲೆ ಆಡುವ ಹಾಕಿಗೂ ನಮಗೂ ಅಷ್ಟಾಗಿ ನಂಟಿಲ್ಲ. ಆದರೂ ಕೆನಡಾದ ಮಾಂಟ್ರಿಯಲ್ ನಗರದಲ್ಲಿ 1995ರ ಡಿಸೆಂಬರ್ 2ರ ರಾತ್ರಿ ನಡೆದ ಒಂದು ಪ್ರಸಂಗವನ್ನು ಆಡಳಿತದಲ್ಲಿ ಆಸಕ್ತಿಯುಳ್ಳ ಯಾರಾದರೂ ಅಭ್ಯಾಸ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಒಬ್ಬ ಕೋಚ್ ಹಾಗೂ ಒಬ್ಬ ಗೋಲ್‌ಕೀಪರ್ ನಡುವಿನ ಮನಸ್ತಾಪದ ಬೆಲೆಯನ್ನು ಅವರಿಬ್ಬರೂ ತೆರಲಿಲ್ಲ. ತೆತ್ತವರು ಟಿಕೆಟ್ ಕೊಂಡು ಬಂದ ಜನ.

ಮಾಂಟ್ರಿಯಲ್ ಕೆನೇಡಿಯನ್ಸ್ ಸಾಮಾನ್ಯ ತಂಡವಲ್ಲ. ಸ್ಟ್ಯಾನ್ಲಿ ಕಪ್ಪನ್ನು ಅದು 24 ಬಾರಿ ಗೆದ್ದಿದೆ. ಕೊನೆಯ ಎರಡು ಗೆಲುವುಗಳಿಗೆ, ಅಂದರೆ 1986 ಮತ್ತು 1993ರ ಗೆಲುವುಗಳಿಗೆ, ಮುಖ್ಯ ಕಾರಣ ಗೋಲ್‌ಕೀಪರ್ ಪ್ಯಾಟ್ರಿಕ್ ರುವಾ. ಎರಡೂ ಸಲ ಪ್ಲೇಆಫ್‌ನ ಶ್ರೇಷ್ಠ ಆಟಗಾರನ ಪ್ರಶಸ್ತಿ ಆತನಿಗೇ ಸಂದಿತು. 1993ರಲ್ಲಿ ತಂಡವು ಹೆಚ್ಚುವರಿ ಅವಧಿಗೆ ಹೋದ ಹತ್ತು ಪಂದ್ಯಗಳನ್ನು ಸತತವಾಗಿ ಗೆದ್ದಿತ್ತು. ಹೆಚ್ಚುವರಿ ಅವಧಿಯಲ್ಲಿ ಒಂದು ಗೋಲು ಬಿಟ್ಟರೆ ಪಂದ್ಯವೇ ಮುಗಿಯುತ್ತದೆ ಎಂಬುದನ್ನು ನೆನೆದರೆ ಆ ಸಾಧನೆಯ ತೂಕ ತಿಳಿದೀತು.

1995ರ ಅಕ್ಟೋಬರ್‌ನಲ್ಲಿ, ಋತು ಆರಂಭವಾಗಿ ಕೆಲವೇ ದಿನಗಳಲ್ಲಿ, ಆಡಳಿತ ಮಂಡಳಿಯು ಜನರಲ್ ಮ್ಯಾನೇಜರ್ ಮತ್ತು ಕೋಚ್ ಇಬ್ಬರನ್ನೂ ಕಿತ್ತುಹಾಕಿತು. ಅವರ ಸ್ಥಾನಕ್ಕೆ ಬಂದವರು ರೇಜಾನ್ ಹೂಲ್ ಮತ್ತು ಮಾರಿಯೊ ಟ್ರಾಂಬ್ಲೆ. ಇಬ್ಬರೂ ಅದೇ ತಂಡದ ಹಳೆಯ ಆಟಗಾರರು, ಜನಪ್ರಿಯರು. ಆದರೆ ಆ ಹುದ್ದೆಗಳ ಅನುಭವ ಇಬ್ಬರಿಗೂ ಇರಲಿಲ್ಲ. ಟ್ರಾಂಬ್ಲೆ ಮತ್ತು ರುವಾ ಒಂದು ಕಾಲದಲ್ಲಿ ಸಹ ಆಟಗಾರರು. ನಿನ್ನೆಯ ಜೊತೆಗಾರ ಇಂದು ಮೇಲಧಿಕಾರಿಯಾಗಿ ಬಂದಾಗ ಏಳುವ ಇರುಸುಮುರುಸು ಎಂತಹುದೆಂದು ಕಚೇರಿಗಳಲ್ಲಿ ದುಡಿದವರಿಗೆ ಹೇಳಬೇಕಾಗಿಲ್ಲ.

ಆ ರಾತ್ರಿ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡವು ಮಾಂಟ್ರಿಯಲ್ಲನ್ನು ಅದರ ಸ್ವಂತ ಅಂಗಳದಲ್ಲಿ 11–1ರಿಂದ ಸೋಲಿಸಿತು. ಗೋಲುಗಳು ಒಂದರ ಮೇಲೊಂದು ಬೀಳುತ್ತಿದ್ದರೂ ಕೋಚ್ ತನ್ನ ಗೋಲ್‌ಕೀಪರನನ್ನು ಹೊರಗೆ ಕರೆಯಲಿಲ್ಲ. ರುವಾ ಒಂದು ಸುಲಭದ ಹೊಡೆತವನ್ನು ತಡೆದಾಗ ಪ್ರೇಕ್ಷಕರು ಅಣಕಿಸಿ ಚಪ್ಪಾಳೆ ತಟ್ಟಿದರು. ಆತನೂ ಅಣಕದಿಂದಲೇ ಎರಡೂ ಕೈಗಳನ್ನು ಮೇಲೆತ್ತಿದ. 26 ಹೊಡೆತಗಳಲ್ಲಿ ಒಂಬತ್ತು ಗೋಲುಗಳಾದ ಬಳಿಕ ಟ್ರಾಂಬ್ಲೆ ಆತನನ್ನು ಬದಲಿಸಿದರು. ರುವಾ ಕೋಚ್‌ನನ್ನು ದುರುಗುಟ್ಟಿ ನೋಡಿ, ಬೆಂಚಿನ ಹಿಂದೆಯೇ ಕುಳಿತಿದ್ದ ಅಧ್ಯಕ್ಷ ರೊನಾಲ್ಡ್ ಕೋರಿ ಬಳಿಗೆ ಹೋಗಿ, ಮಾಂಟ್ರಿಯಲ್ ಪರ ಇದೇ ತನ್ನ ಕೊನೆಯ ಪಂದ್ಯವೆಂದು ತಿಳಿಸಿದ. ನಾಲ್ಕೇ ದಿನಗಳಲ್ಲಿ, ಡಿಸೆಂಬರ್ 6ರಂದು, ಆತನನ್ನೂ ನಾಯಕ ಮೈಕ್ ಕೀನ್‌ನನ್ನೂ ಕೊಲರಾಡೊ ಅವಲಾಂಚ್ ತಂಡಕ್ಕೆ ಬಿಟ್ಟುಕೊಟ್ಟು ಮೂವರು ಆಟಗಾರರನ್ನು ಪಡೆಯಲಾಯಿತು. ಆರು ತಿಂಗಳ ನಂತರ ಕೊಲರಾಡೊ ಸ್ಟ್ಯಾನ್ಲಿ ಕಪ್ ಎತ್ತಿತು. ಮಾಂಟ್ರಿಯಲ್‌ಗಾದರೋ 1993ರ ತರುವಾಯ ಮೂರು ದಶಕ ಉರುಳಿದರೂ ಆ ಕಪ್ ದಕ್ಕಲಿಲ್ಲ.

ತಪ್ಪು ಯಾರದು? ಸೇವಾ ನಿಯಮಗಳ ಕನ್ನಡಕದಿಂದ ನೋಡಿದರೆ ರುವಾ ನಡತೆ ಅಶಿಸ್ತು. ಮೇಲಧಿಕಾರಿಯನ್ನು ದಾಟಿ ಅವನ ಮೇಲಿನವನ ಬಳಿ ಸಾರ್ವಜನಿಕವಾಗಿ ದೂರುವುದನ್ನು ಯಾವ ಸಂಸ್ಥೆಯೂ ಸಹಿಸದು. ಹಾಗೆಂದು ಅಧೀನನನ್ನು ಅವಮಾನಕ್ಕೆ ಒಡ್ಡಿ ಪಾಠ ಕಲಿಸುವುದೂ ಆಡಳಿತವಲ್ಲ. ಇಬ್ಬರ ಹಠದ ನಡುವೆ ಮೂರನೆಯವರೊಬ್ಬರು ಕಾಲಾವಕಾಶ ಕೊಡಬೇಕಾಗಿತ್ತು. ಅಧ್ಯಕ್ಷರು ಮೂರಡಿ ದೂರದಲ್ಲಿದ್ದರು. ಕಾಲಾವಕಾಶವೊಂದನ್ನು ಬಿಟ್ಟು ಉಳಿದೆಲ್ಲವೂ ಅವರ ಬಳಿ ಇತ್ತು. ಅರ್ಥಶಾಸ್ತ್ರದ ಮೊದಲ ಪಾಠವನ್ನೂ ಅವರು ಮರೆತರು. ಮಾರಲೇಬೇಕಾದವನ ಸರಕಿಗೆ ಸಂತೆಯಲ್ಲಿ ಸರಿಯಾದ ಬೆಲೆ ಹುಟ್ಟುವುದಿಲ್ಲ. ರುವಾನನ್ನು ಮಾರುವುದು ಅನಿವಾರ್ಯವೆಂದು ಊರಿಗೆಲ್ಲ ಗೊತ್ತಾದ ಮೇಲೆ ಚೌಕಾಶಿಗೆ ಎಡೆಯೆಲ್ಲಿ?

ನಾನು ಸೇವೆಯಲ್ಲಿದ್ದಾಗ ಒಂದು ತಾಲ್ಲೂಕು ಕಚೇರಿಯಲ್ಲಿ ಇಂತಹುದೇ ಒಂದು ಪ್ರಸಂಗವನ್ನು ಹತ್ತಿರದಿಂದ ಕಂಡೆ. ಅಲ್ಲಿದ್ದ ಶಿರಸ್ತೇದಾರರಿಗೆ ತಾಲ್ಲೂಕಿನ ಹಳೆಯ ಭೂದಾಖಲೆಗಳೆಲ್ಲ ಕಂಠಪಾಠವಾಗಿದ್ದವು. ಹೊಸದಾಗಿ ಬಂದ ಯುವ ಅಧಿಕಾರಿಗೆ ಅವರ ಧೋರಣೆ ಹಿಡಿಸಲಿಲ್ಲ. ಅವರಿಗೆ ಈತನ ಅವಸರ ಹಿಡಿಸಲಿಲ್ಲ. ರಜೆಯ ಅರ್ಜಿಯೊಂದರ ನೆಪದಲ್ಲಿ ಮಾತು ಬೆಳೆದು, ವಾರದೊಳಗೆ ಶಿರಸ್ತೇದಾರರಿಗೆ ವರ್ಗಾವಣೆಯಾಯಿತು. ಕಚೇರಿಯಲ್ಲಿ ಕೆಲವರು ಅಧಿಕಾರಿಯ ಪಕ್ಷ, ಕೆಲವರು ಶಿರಸ್ತೇದಾರರ ಪಕ್ಷ. ಖಾತೆ ಬದಲಾವಣೆಗಾಗಿ ಬೆಳಗಿನ ಬಸ್ಸು ಹಿಡಿದು ಬಂದು ತಿಂಗಳುಗಟ್ಟಲೆ ಬರಿಗೈಯಲ್ಲಿ ಹಿಂದಿರುಗಿದ ರೈತರ ಪಕ್ಷ ಯಾರೂ ವಹಿಸಲಿಲ್ಲ. ಅಭಿಮಾನಿಯ ಸ್ಥಿತಿಯೂ ಆ ರೈತನದೇ.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ, ಸಂಸ್ಥೆಯೊಂದು ಹದಗೆಟ್ಟಾಗ ಜನರ ಮುಂದೆ ಎರಡು ದಾರಿಗಳಿವೆ ಎಂದರು: ಬಿಟ್ಟುಹೋಗುವುದು ಅಥವಾ ದನಿ ಎತ್ತುವುದು. ಯಾವುದನ್ನು ಆರಿಸುತ್ತಾರೆ ಎಂಬುದನ್ನು ನಿಷ್ಠೆ ನಿರ್ಧರಿಸುತ್ತದೆ. ಸಾಬೂನು ಹಿಡಿಸದಿದ್ದರೆ ಬೇರೆ ಸಾಬೂನು ಕೊಳ್ಳಬಹುದು. ಆದರೆ ತಂದೆಯ ಕೈ ಹಿಡಿದು ಪಂದ್ಯಕ್ಕೆ ಹೋಗುತ್ತಾ ಬೆಳೆದವನು ತಂಡವನ್ನು ಬದಲಿಸಲಾರ. ಬಿಟ್ಟುಹೋಗುವ ದಾರಿ ಮುಚ್ಚಿದ ಮೇಲೆ ಅವನಿಗೆ ಉಳಿಯುವುದು ದನಿ ಮಾತ್ರ. ಅದೂ ಕೇಕೆ, ಕೂಗು, ಅಣಕದ ಚಪ್ಪಾಳೆ. ದುರಂತವೆಂದರೆ ಆ ರಾತ್ರಿ ಆ ಚಪ್ಪಾಳೆಯೇ ಗೋಲ್‌ಕೀಪರನ ಗಾಯಕ್ಕೆ ಉಪ್ಪು ಸವರಿತು. ಮಾತಿಗೆ ಸರಿಯಾದ ಬಾಗಿಲಿಲ್ಲದಿದ್ದರೆ ಅದು ತಪ್ಪು ಬಾಗಿಲನ್ನೇ ತಟ್ಟುತ್ತದೆ.

ಅಭಿಮಾನಿಗಳು ಯಾವಾಗಲೂ ತಾರೆಯ ಬೆನ್ನಿಗೆ ನಿಲ್ಲುತ್ತಾರೆಂದು ತಿಳಿಯಬೇಕಿಲ್ಲ. 1997ರಲ್ಲಿ ಅಮೆರಿಕದ ಬಫಲೊ ನಗರದಲ್ಲಿ ಕೋಚ್ ಟೆಡ್ ನೋಲನ್‌ಗೂ ಗೋಲ್‌ಕೀಪರ್ ಡೊಮಿನಿಕ್ ಹಾಶೆಕ್‌ಗೂ ಬಹಿರಂಗವಾಗಿಯೇ ಕೆಟ್ಟಿತ್ತು. ವಿಚಿತ್ರವೆಂದರೆ ಆ ವರ್ಷ ಲೀಗಿನ ಶ್ರೇಷ್ಠ ಕೋಚ್ ಪ್ರಶಸ್ತಿ ನೋಲನ್‌ಗೆ, ಅತಿ ಮೌಲ್ಯಯುತ ಆಟಗಾರನ ಪ್ರಶಸ್ತಿ ಹಾಶೆಕ್‌ಗೆ! ಆಡಳಿತವು ನೋಲನ್‌ಗೆ ಒಂದೇ ವರ್ಷದ ಒಪ್ಪಂದವನ್ನು ಮುಂದಿಟ್ಟಿತು. ಅವರು ನಿರಾಕರಿಸಿ ಹೊರನಡೆದರು. ಮುಂದಿನ ಋತುವಿನ ಆರಂಭದಲ್ಲಿ ಬಫಲೊ ಜನ ಹಾಶೆಕ್‌ನನ್ನು ಕೂಗಾಡಿ ಹಳಿದರು. ಒಂದೆಡೆ ಗೋಲ್‌ಕೀಪರ್ ಹೋದ, ಇನ್ನೊಂದೆಡೆ ಕೋಚ್ ಹೋದರು. ಅಸಮಾಧಾನ ಎರಡೂ ಕಡೆ ಒಂದೇ. ಜನರಿಗೆ ಬೇಕಾಗಿದ್ದುದು ಇಬ್ಬರೂ ಇರುವ ತಂಡ.

ನಮ್ಮಲ್ಲಿಯೂ ಉದಾಹರಣೆಗೆ ಕೊರತೆಯಿಲ್ಲ. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಹಾಕಿ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಟೈಬ್ರೇಕರ್‌ನಲ್ಲಿ ಗೋಡೆಯಂತೆ ನಿಂತು, 32 ವರ್ಷಗಳ ನಂತರ ಭಾರತಕ್ಕೆ ಚಿನ್ನ ಸಿಗುವಂತೆ ಮಾಡಿದವರು ಬೆಂಗಳೂರಿನ ಆಶಿಶ್ ಬಲ್ಲಾಳ್. ಅದಾದ ಕೆಲವೇ ದಿನಗಳಲ್ಲಿ ಅವರನ್ನೂ ನಾಯಕ ಧನರಾಜ್ ಪಿಳ್ಳೈ ಸೇರಿದಂತೆ ಹಲವು ಹಿರಿಯರನ್ನೂ ತಂಡದಿಂದ ಕೈಬಿಡಲಾಯಿತು, ಕೋಚ್ ಎಂ.ಕೆ. ಕೌಶಿಕ್ ಕೂಡ ಹೋದರು. ಅಲ್ಲಿ ಕೋಚ್ ಮತ್ತು ಗೋಲ್‌ಕೀಪರ್ ನಡುವೆ ಜಗಳವೂ ಬೇಕಾಗಲಿಲ್ಲ. ಚಿನ್ನದ ಸಂಭ್ರಮದಲ್ಲಿದ್ದ ಅಭಿಮಾನಿಗೆ ಸಿಕ್ಕಿದ್ದು ಮಾರನೆಯ ದಿನಗಳ ಪತ್ರಿಕೆಯ ಸುದ್ದಿ ಮಾತ್ರ.

ಜನ ಮತ ಹಾಕಿ ತಂಡವನ್ನು ಆರಿಸಬೇಕೆಂದು ನಾನು ಹೇಳುತ್ತಿಲ್ಲ. ಹಾಗೆ ಮಾಡಿದರೆ ಯಾವ ತಂಡವೂ ಉಳಿಯದು. ಆದರೆ ಎರಡು ಸಂಗತಿಗಳನ್ನು ಯಾವ ಆಡಳಿತವಾದರೂ ಪಾಲಿಸಬಹುದು. ಸಿಟ್ಟಿನಲ್ಲಿದ್ದಾಗ ತಿರುಗಿ ಪಡೆಯಲಾಗದ ನಿರ್ಧಾರಕ್ಕೆ ಸಹಿ ಹಾಕಬಾರದು. ಹಾಕಿದ ಮೇಲೆ, ಹಣ ಕೊಟ್ಟು ಪ್ರೀತಿಸಿದ ಜನರಿಗೆ ಅದರ ಕಾರಣವನ್ನು ನೇರವಾಗಿ ಹೇಳಬೇಕು. ಮಾಂಟ್ರಿಯಲ್ ತಂಡವು 2008ರ ನವೆಂಬರ್ 22ರಂದು ರುವಾನನ್ನು ಮರಳಿ ಕರೆದು, ಆತನ 33ನೇ ಸಂಖ್ಯೆಯ ಅಂಗಿಯನ್ನು ಗೌರವದಿಂದ ಮೇಲೇರಿಸಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಣಕವಿಲ್ಲದ ಆ ಚಪ್ಪಾಳೆಗಾಗಿ ಇಬ್ಬರೂ ಹದಿಮೂರು ವರ್ಷ ಕಾಯಬೇಕಾಯಿತು. ಅಂದು ನಾಲ್ಕು ದಿನಗಳ ಬದಲು ನಾಲ್ಕು ವಾರ ಕಾದಿದ್ದರೆ ಇಷ್ಟು ದೀರ್ಘ ಕಾಯುವಿಕೆ ಬೇಕಾಗುತ್ತಿತ್ತೆ?